ಲೋನಾದ ಎರಡು ಅಂಕ

೨೦೨೪ರ ನವೆಂಬರ್ ಹದಿನೆಂಟು, ಸೋಮವಾರ ಬೆಳಿಗ್ಗೆ. ಎರಡು ಸಾವಿರದ ಮುನ್ನೂರ ನಲವತ್ತೊಂದು. ಸಂಖ್ಯೆ ಬರೆದು ಕೆಳಗೆ ಗೆರೆ ಎಳೆದ ರಂಗೇಶ, ಪಕ್ಕದ ಕಾಲಮಿನಲ್ಲಿದ್ದ ಇನ್ನೊಂದು ಸಂಖ್ಯೆಯ ಮೇಲೆ ಪೆನ್ನಿನ ತುದಿಯಿಟ್ಟು ಹಾಗೆಯೇ ಕುಳಿತ. ಒಂದು ಸಾವಿರದ ನೂರ ಆರು.

ಮೊದಲನೆಯದು 'ಅಂಕಣದಾಚೆ' ಎಂಬ ರೇಡಿಯೋ ಕಾರ್ಯಕ್ರಮದ ಇಂದಿನ ಕ್ರಮಸಂಖ್ಯೆ. ವಾರಕ್ಕೆ ಐದು ದಿನ, ಸಂಜೆ ನಾಲ್ಕರಿಂದ ಐದು, ಒಂಬತ್ತು ವರ್ಷ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಯಾರು ಎಲ್ಲಿ ಚೆಂಡು ಎಸೆದರೂ, ಯಾರು ಯಾರ ಕಾಲು ಹಿಡಿದು ಕೆಡವಿದರೂ ಅದರ ನ್ಯಾಯ ಇಲ್ಲಿ ತೀರ್ಮಾನವಾಗುತ್ತಿತ್ತು. ಎರಡನೆಯದು, ಹೊಳಲ್ಕೆರೆಯ ಗೊಲ್ಲಪ್ಪ ಎಂಬಾತ ಫೋನ್ ಮಾಡಿ ರಂಗೇಶನನ್ನು ನೇರಪ್ರಸಾರದಲ್ಲಿ ಬೈದ ಸಲಗಳ ಮೊತ್ತ.

ಎಣಿಸುವುದು ಅವನ ಹಳೆಯ ಚಾಳಿ. ರೇಡಿಯೋಗೆ ಬರುವ ಮುಂಚೆ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ.

"ಯಶೋಧಾ, ಗೊಲ್ಲಪ್ಪನ ನಂಬರು ಬೇಕು."

ಯಶೋಧಾ ಗಾಜಿನಾಚೆಯ ಕೋಣೆಯಲ್ಲಿ ಕುಳಿತು ಕರೆಗಳನ್ನು ಜೋಡಿಸಿಕೊಡುವವಳು. ತಲೆ ಎತ್ತಲಿಲ್ಲ.

"ಯಾಕ್ ಸಾರ್?"

"ಬೇಕು."

"ಕಾಲರ್ ನಂಬರ್ ಕೊಡಂಗಿಲ್ಲ. ಮ್ಯಾನೇಜರ್ ಗೋವರ್ಧನ ಸಾರ್ ಬೈತಾರೆ."

"ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳ್ತಿದೀನಿ."

"ಅದಕ್ಕೇ ಕೇಳಿದ್ದು, ಯಾಕೆ ಅಂತ."

ಅವಳು ಟೀ ತರುವುದಾಗಿ ಹೇಳಿ ಎದ್ದುಹೋದಳು. ಕರೆಗಳ ರಿಜಿಸ್ಟರು ಮೇಜಿನ ಮೇಲೆ ತೆರೆದೇ ಇತ್ತು. ಅದು ಮರೆವೋ ದಯೆಯೋ ಅವನಿಗೆ ತಿಳಿಯಲಿಲ್ಲ. ನಂಬರನ್ನು ಅಂಗೈಯ ಮೇಲೆ ಬರೆದುಕೊಂಡ.

ಕಾರಣ ಅವನ ಚೀಲದಲ್ಲಿತ್ತು.

ಅಕ್ಟೋಬರ್ ಇಪ್ಪತ್ತೇಳರಂದು ಹೊಸದುರ್ಗದಲ್ಲಿ ಕಬಡ್ಡಿ ಪಂದ್ಯಾವಳಿಯ ಫೈನಲ್ ನಡೆದಿತ್ತು. ಹಿರಿಯೂರು ಮೂವತ್ತನಾಲ್ಕು, ಹೊಳಲ್ಕೆರೆ ಮೂವತ್ತಮೂರು. ಅಂಕ ಬರೆದವರು ಮಾಡದಕೆರೆಯ ದೈಹಿಕ ಶಿಕ್ಷಕ ತಿಪ್ಪೇಶ್. ಹನ್ನೊಂದು ದಿನಗಳ ಮೇಲೆ ಗೊಲ್ಲಪ್ಪ ಫೋನಿನಲ್ಲಿ ಗುಡುಗಿದ್ದ. ಹಿರಿಯೂರಿನ ಏಳೂ ಜನ ಔಟಾದರು. ಹಾಗೆ ಇಡೀ ತಂಡ ಖಾಲಿಯಾದರೆ ಎದುರಾಳಿಗೆ ಸಲ್ಲಬೇಕಾದ ಲೋನಾದ ಎರಡು ಅಂಕಗಳನ್ನು ಹೊಳಲ್ಕೆರೆಗೆ ಬರೆಯಲೇ ಇಲ್ಲ. ತಾನು ಅಂಕಣದ ಗೆರೆಯ ಪಕ್ಕದಲ್ಲಿ ಕುಳಿತು ಕಣ್ಣಾರೆ ಕಂಡಿದ್ದೇನೆ ಎಂದಿದ್ದ. ಅಂದು ಮೊದಲ ಬಾರಿಗೆ ರಂಗೇಶ ಗೊಲ್ಲಪ್ಪನ ಮಾತನ್ನು ಒಪ್ಪಿದ. ಒಪ್ಪಿ ಸುಮ್ಮನಿರಲಿಲ್ಲ. ಕಾರ್ಯಕ್ರಮದ ಕೊನೆಯಲ್ಲಿ ಧ್ವನಿ ತಗ್ಗಿಸಿ ಒಂದು ವಾಕ್ಯ ಹೇಳಿದ:

"ಎರಡು ಅಂಕ ಬರೆಯಲು ಮರೆತ ಆ ಕೈ, ಆ ಹೊತ್ತಿನಲ್ಲಿ ಏನನ್ನು ಎಣಿಸುತ್ತಿತ್ತು?"

ಒಳ್ಳೆಯ ವಾಕ್ಯ. ಮರುದಿನದ ಹೊತ್ತಿಗೆ ಅದು ನಾಲ್ಕೂ ತಾಲ್ಲೂಕುಗಳ ಮೊಬೈಲುಗಳಲ್ಲಿತ್ತು.

ಆರು ದಿನಗಳ ಹಿಂದೆ ಲಕೋಟೆ ಬಂತು. ತಿಪ್ಪೇಶರ ಮಗಳು ರಮ್ಯಾ ಬರೆದಿದ್ದಳು. "ಶಾಲೆಯ ಮಕ್ಕಳು ಅಪ್ಪನ ಬೆನ್ನ ಹಿಂದೆ, ಏನ್ ಎಣಿಸ್ತಿದ್ರಿ ಸಾರ್ ಎಂದು ಕೂಗುತ್ತಾರೆ. ಅಪ್ಪ ಸೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಮೈದಾನಕ್ಕೆ ಇಳಿಯುತ್ತಿಲ್ಲ. ಅಂಕಪಟ್ಟಿಯ ಕಾರ್ಬನ್ ಪ್ರತಿ ಇದರೊಳಗಿದೆ. ನೀವು ಗಣಿತ ಓದಿದವರಂತೆ. ಒಂದು ಸಲ ಎಣಿಸಿ ನೋಡಿ. ಸರಿಯಿದ್ದರೆ ರೇಡಿಯೋದಲ್ಲಿ ಹೇಳಿ. ನಾವು ದಿನವೂ ಕೇಳುತ್ತೇವೆ."

ಒಂದು ಹಾಳೆಯ ಮೇಲಿನ ಗೆರೆಗಳನ್ನು ಎಣಿಸಲು ಎರಡು ನಿಮಿಷ ಸಾಕು. ಆರು ದಿನಗಳಲ್ಲಿ ಆ ಎರಡು ನಿಮಿಷ ಅವನಿಗೆ ಸಿಕ್ಕಿರಲಿಲ್ಲ. ಎಣಿಸುವುದಕ್ಕಿಂತ ಸಾಕ್ಷಿಯನ್ನು ಕಾಣುವುದು ಸುಲಭವೆನ್ನಿಸಿತು. ಕಣ್ಣಾರೆ ಕಂಡವನೊಬ್ಬ ಹೊಳಲ್ಕೆರೆಯಲ್ಲಿದ್ದಾನೆ. ಅವನು ಇನ್ನೊಮ್ಮೆ ಹೌದೆಂದರೆ ಹಾಳೆಯನ್ನು ಬಿಚ್ಚುವ ಅಗತ್ಯವೇ ಇರುವುದಿಲ್ಲ.

ಹೊಳಲ್ಕೆರೆಯ ಬಸ್ಸಿನಲ್ಲಿ ಕಂಡಕ್ಟರು ಟಿಕೆಟು ಕೊಡುತ್ತ ಅವನ ಮುಖ ನೋಡಿದ.

"ನಿಮ್ ಧ್ವನಿ ಎಲ್ಲೋ ಕೇಳ್ದಂಗೈತಲ್ಲ ಸಾರ್."

"ಇಲ್ಲ."

"ಥೇಟು ರೇಡಿಯೋ ರಂಗೇಶಂದೇ. ಆ ನನ್ಮಗ ಒಂದ್ಸಲ ಕೈಗೆ ಸಿಗಬೇಕು."

"ಸಿಕ್ಕರೆ?"

"ಒಂದ್ ಫೋಟೋ ತೆಗಿಸ್ಕಂಬೇಕು ಸಾರ್."

ರಂಗೇಶ ಕಿಟಕಿಯ ಕಡೆ ತಿರುಗಿದ. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತಿದ್ದವು. ಎರಡು ತಿರುಗುತ್ತಿದ್ದವು, ಒಂಬತ್ತು ತಿರುಗುತ್ತಿರಲಿಲ್ಲ. ಭೀಮಸಮುದ್ರದ ಕಡೆಗೆ ಹೋಗುವ ಟ್ರ್ಯಾಕ್ಟರೊಂದು ದಾರಿ ಬಿಡದೆ ಬಹಳ ದೂರ ಬಸ್ಸಿನ ಮುಂದೆ ತೂಗಾಡಿತು.

ಕಾರ್ಯಕ್ರಮ ಆರಂಭವಾದ ಮೊದಲ ಇಪ್ಪತ್ತೆರಡು ದಿನ ಒಂದು ಕರೆಯೂ ಬಂದಿರಲಿಲ್ಲ. ಒಂದು ಗಂಟೆ ಕಾಲ ಅವನು ಗಾಜಿನ ಜೊತೆ ಮಾತನಾಡುತ್ತಿದ್ದ. ಇಪ್ಪತ್ತಮೂರನೆಯ ದಿನ ಗೊಲ್ಲಪ್ಪನ ಒಡಕು ಕಂಠ ಬಂತು: "ನಿಮ್ಗೆ ಆಟ ಗೊತ್ತಿಲ್ಲ ಸ್ವಾಮೀ, ಬಾಯಿ ಮಾತ್ರ ಐತೆ." ರಂಗೇಶ ಸಿಟ್ಟಿಗೆದ್ದ. ಆ ಸಿಟ್ಟೇ ಅವನನ್ನು ಹೆಸರುವಾಸಿ ಮಾಡಿತು. ಆಮೇಲೆ ಮೂರು ವಕೀಲರ ನೋಟಿಸು, ಒಮ್ಮೆ ಹಿರಿಯೂರಿನಲ್ಲಿ ಮುಖಕ್ಕೆ ಮಸಿ, ಬಸ್ ನಿಲ್ದಾಣಗಳಲ್ಲಿ ಅವನ ಚಿತ್ರ. ಅವನಿಂದ ಬೈಸಿಕೊಂಡ ಆಟಗಾರರು, ಕೋಚುಗಳು, ಕ್ಲಬ್ಬಿನವರು ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ವರ್ಷ ವರ್ಷಕ್ಕೂ ಆಚೆ ಬದಿ ತುಂಬುತ್ತ ಹೋಯಿತು.

ಉಳಿದವನು ಗೊಲ್ಲಪ್ಪ. ಭೇಟಿಯಾಗಬೇಕೆಂದು ರಂಗೇಶನಿಗೆ ಎಂದೂ ಅನ್ನಿಸಿರಲಿಲ್ಲ. ಎದುರಾಳಿಯ ಮುಖ ಕಂಡರೆ ಮಾತು ಮೆತ್ತಗಾಗುತ್ತದೆ ಎಂಬುದು ಅವನ ಸಿದ್ಧಾಂತ. ಆದರೆ ಒಂದು ಮಳೆಗಾಲದಲ್ಲಿ ಅವನು ಮೈಕಿನ ಮುಂದೆ ಕೆಮ್ಮಿದಾಗ, ಬೈಯುತ್ತಿದ್ದ ಆ ಕಂಠ ತಟ್ಟನೆ ನಿಂತು ಹೇಳಿತ್ತು: "ಎದೆ ಕಟ್ಟೈತೆ ನಿಮ್ಗೆ. ಶುಂಠಿ ಕಷಾಯ ಕುಡೀರಿ. ನಾಳೆ ಬೈತೀನಿ." ಆ ವಾರ ಅವನ ಕೆಮ್ಮನ್ನು ಗಮನಿಸಿದ್ದವನು ಅವನೊಬ್ಬನೇ. ರಂಗೇಶ ಕಷಾಯ ಕುಡಿದಿದ್ದ.

ಹಿಟ್ಟಿನ ಗಿರಣಿ ಬಸ್ ನಿಲ್ದಾಣದ ಹಿಂದೆಯೇ ಇತ್ತು. ಫೋನಿನಲ್ಲಿ ಹೇಳಿದ್ದಂತೆ ಗೊಲ್ಲಪ್ಪ ಬಾಗಿಲಲ್ಲೇ ನಿಂತಿದ್ದ. ಅರವತ್ತು ದಾಟಿದ ಗಟ್ಟಿ ಆಳು. ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಹಿಟ್ಟು.

"ಬರ್ರಿ ಬರ್ರಿ ರಂಗೇಶ್ ಸಾರ್! ಚಿತ್ರದಾಗಿರದಕ್ಕಿಂತ ತೆಳ್ಳಗಿದೀರಲ್ಲ! ಕುಂತ್ಕಳ್ರಿ, ಆ ಮೂಟೆ ಮೇಲೆ ಕುಂತ್ಕಳ್ರಿ."

ಗಿರಣಿ ಓಡುತ್ತಿತ್ತು. ಡಬ್ಬಗಳನ್ನಿಟ್ಟುಕೊಂಡು ನಾಲ್ವರು ಹೆಂಗಸರು ಸಾಲಿನಲ್ಲಿ ಕುಳಿತಿದ್ದರು. ಮಾತನಾಡಬೇಕಾದರೆ ಕೂಗಬೇಕಿತ್ತು.

"ಫೈನಲ್ ವಿಷಯ ಕೇಳಬೇಕಿತ್ತು!"

"ಯಾವ್ದು?"

"ಫೈನಲ್! ಹೊಸದುರ್ಗ! ನೀವು ಗೆರೆ ಪಕ್ಕ ಕೂತಿದ್ದಿರಲ್ಲ!"

"ಹೊಸದುರ್ಗಕ್ಕಾ? ಹೋದ್ ವರ್ಷ ಬೀಗರ ಮನೆಗೆ ಹೋಗಿದ್ದೆ!"

"ಕಬಡ್ಡಿ! ಕಬಡ್ಡಿ ನೋಡಿದಿರಲ್ಲ!"

ಅಷ್ಟರಲ್ಲಿ ಕರೆಂಟು ಹೋಯಿತು. ಬೆಲ್ಟು ನಿಧಾನವಾಗಿ ಸುತ್ತಿ ನಿಂತಿತು. ಆ ಮೌನದೊಳಕ್ಕೆ ಗೊಲ್ಲಪ್ಪನ ಕೂಗು ಪೂರ್ತಿ ಗಾತ್ರದಲ್ಲಿ ಬಂದು ಬಿತ್ತು:

"ನಾನು ಕಬಡ್ಡಿ ನೋಡಲ್ಲ ಸಾರ್!"

ಹೆಂಗಸರು ನಕ್ಕರು. "ಎದುರಿಗೇ ಅವ್ರೆ, ಮೆಲ್ಲಗೆ ಹೇಳಣ್ಣ," ಎಂದಳು ಒಬ್ಬಳು.

"ನೋಡಲ್ಲ ಅಂದರೆ?" ರಂಗೇಶ ಕೇಳಿದ.

"ಅಂದ್ರೆ ನೋಡಲ್ಲ. ಆ ಆಟ ನಂಗೆ ತಿಳಿಯಕಿಲ್ಲ. ಯಶೋಧಮ್ಮ ಮೂರು ಗಂಟೆಗೆ ಮೆಸೇಜು ಹಾಕ್ತಾರೆ. ಇಂಥದ್ದು ಹೇಳು, ಇಂಥೋರನ್ನ ಬೈ ಅಂತ. ನಾಕು ಸಲ ಓದ್ಕಂಡು ಫೋನ್ ಮಾಡ್ತೀನಿ. ಮೂವತ್ತು ವರ್ಷ ಬಯಲಾಟದಾಗೆ ರಾಕ್ಷಸನ ಪಾರ್ಟು ಮಾಡಿದೋನು ನಾನು. ಗೋವರ್ಧನ ಸಾಹೇಬ್ರು ಒಂದ್ಸಲ ನಮ್ಮಾಟ ನೋಡಿ, ಈ ಗಂಟ್ಲು ರೇಡಿಯೋಕ್ಕೆ ಬೇಕು ಅಂದ್ರು. ತಿಂಗಳಾ ತಿಂಗಳಾ ಮೊಬೈಲಿಗೆ ರೀಚಾರ್ಜು ಹಾಕಿಸ್ತಾರೆ. ಒಳ್ಳೆ ಜನ."

"ಒಂಬತ್ತು ವರ್ಷ."

"ಅಷ್ಟಾತಾ? ಲೆಕ್ಕ ಯಾರಿಟ್ಟಾರೆ ಬಿಡ್ರಿ."

ಒಂದು ಸಾವಿರದ ನೂರ ಆರು ಎಂದು ರಂಗೇಶ ಹೇಳಲಿಲ್ಲ. ಕುಳಿತಿದ್ದ ಮೂಟೆಯೊಳಗೆ ಕಾಳು ಸರಿದು ಅವನು ಒಂದು ಬದಿಗೆ ವಾಲಿದ. ನೆಟ್ಟಗಾಗಲು ಪ್ರಯತ್ನಿಸಲಿಲ್ಲ.

ಗೊಲ್ಲಪ್ಪ ಅವನ ಮುಖವನ್ನು ನೋಡಿ ಹತ್ತಿರ ಬಂದ.

"ಯಾಕ್ ಸಾರ್? ನಿಮ್ಗೆ ಗೊತ್ತಿತ್ತಲ್ವಾ?"

"ಏನು?"

"ಅಯ್ಯೋ! ನಿಮ್ದು ರಾಜನ ಪಾರ್ಟು, ನಂದು ರಾಕ್ಷಸಂದು ಅಂತಲೇ ನಾನು ತಿಳ್ಕಂಡಿದ್ದು. ಆಟದ ಅಟ್ಟದ ಮ್ಯಾಲೆ ಕಡಿದಾಡ್ತೀವಿ, ಬೆಳಗಾದ್ರೆ ಒಂದೇ ಪೇಪರಿನಾಗೆ ಮಂಡಕ್ಕಿ ತಿಂತೀವಿ. ನೀವೆಷ್ಟು ಚೆಂದ ಸಿಟ್ ಮಾಡ್ತೀರಿ ಅಂತ ಮನೇಲಿ ಹೇಳ್ತಿದ್ದೆ. ಅದು ನಿಜವಾದ ಸಿಟ್ಟಾ?"

ರಂಗೇಶ ಬೇರೆಯದನ್ನೇ ಕೇಳಿದ.

"ಒಂದು ಸಲ ನಾನು ಕೆಮ್ಮಿದಾಗ ಶುಂಠಿ ಕಷಾಯ ಕುಡೀರಿ ಅಂದಿದ್ದಿರಿ. ಅದೂ ಮೆಸೇಜಿನಲ್ಲಿ ಇತ್ತೇ?"

ಗೊಲ್ಲಪ್ಪ ಹಿಟ್ಟಿನ ಹುಬ್ಬುಗಳನ್ನು ಸೇರಿಸಿ ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ.

"ನೆಪ್ಪಿಲ್ಲ ಸಾರ್. ನಾನೇ ಅಂದಿದ್ರೂ ಅಂದಿರ್ತೀನಿ."

ಇನ್ನು ಸಾಕ್ಷಿ ಇರಲಿಲ್ಲ; ಹಾಳೆ ಮಾತ್ರ ಇತ್ತು. ರಂಗೇಶ ಅದನ್ನು ಡಬ್ಬದ ಮುಚ್ಚಳದ ಮೇಲೆ ಹರಡಿದ. ಒಂದರಿಂದ ಸಾಲಾಗಿ ಅಚ್ಚಾದ ಸಂಖ್ಯೆಗಳು. ಗಳಿಸಿದ ಪ್ರತಿ ಅಂಕಕ್ಕೂ ಒಂದೊಂದು ಓರೆಗೆರೆ. ತಿಪ್ಪೇಶರ ಗೆರೆಗಳು ಒಂದೇ ಓರೆಯಲ್ಲಿ, ಒಂದೇ ಉದ್ದದಲ್ಲಿದ್ದವು. ಹೊಳಲ್ಕೆರೆಯ ಸಾಲಿನಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರು, ಈ ಎರಡರ ಸುತ್ತ ಪುಟ್ಟ ಚೌಕ ಕಟ್ಟಿತ್ತು. ಲೋನಾ. ಅವನು ಬೆರಳಿಟ್ಟು ಮೂವತ್ತಮೂರರವರೆಗೆ ಎಣಿಸಿದ. ಹಿಂದಿನಿಂದ ಮುಂದಕ್ಕೂ ಎಣಿಸಿದ. ಇನ್ನೆರಡು ಸೇರಿಸಬೇಕೆಂದರೆ ಅದೇ ಎರಡನ್ನು ಎರಡು ಬಾರಿ ಎಣಿಸಬೇಕು. ಒಂದು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು.

"ಸರಿ ಐತಾ?" ಗೊಲ್ಲಪ್ಪ ಮೇಲಿನಿಂದ ಬಗ್ಗಿ ಚೌಕದ ಮೇಲೆ ಹಿಟ್ಟಿನ ಬೆರಳಿಟ್ಟು ಕೇಳಿದ.

"ಸರಿ ಇದೆ."

"ಹಂಗಾದ್ರೆ ತಪ್ಪು ನಮ್ದೇ."

'ನಮ್ಮದು' ಎಂಬ ಮಾತು ರಂಗೇಶನಿಗೆ ಕೆನ್ನೆಗೆ ಬಡಿದಂತಾಯಿತು. ಆದರೆ ಲೆಕ್ಕದಲ್ಲಿ ಅದೂ ಸರಿಯೇ ಇತ್ತು.

"ಇವತ್ತು ನಾಲ್ಕಕ್ಕೆ ಇದನ್ನು ಹೇಳ್ತೀನಿ," ಎಂದ. "ನೀವೂ ಫೋನ್ ಮಾಡಿ ಹೇಳಬೇಕು. ನೋಡಿರಲಿಲ್ಲ ಅಂತ. ಅಷ್ಟೇ ಸಾಕು."

"ಹೇಳ್ತೀನಿ ಬಿಡ್ರಿ. ಪಾಪ, ಮೇಷ್ಟ್ರು. ಮಕ್ಕಳ ಬಾಯಿ ಕೆಟ್ಟದ್ದು." ಗೊಲ್ಲಪ್ಪ ಒಳಗೆ ಹೋಗಿ ಒಂದು ಬಟ್ಟೆಚೀಲ ತಂದ. "ತಗಳ್ರಿ. ಎರಡು ಕೆಜಿ ರಾಗಿ ಹಿಟ್ಟು. ಒಂಬತ್ತು ವರ್ಷಕ್ಕೆ ಬಂದೀರಿ, ಬರಿಗೈಲಿ ಕಳಿಸಬಾರ್ದು."

ರಂಗೇಶ ಎರಡೂ ಕೈಯಲ್ಲಿ ತೆಗೆದುಕೊಂಡ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಹಿಟ್ಟು ಇನ್ನೂ ಬೆಚ್ಚಗಿತ್ತು.

ಕೇಂದ್ರದ ಮ್ಯಾನೇಜರು ಗೋವರ್ಧನ ಮೆಟ್ಟಿಲಿನ ಬಳಿಯೇ ಸಿಕ್ಕಿದ.

"ಹೊಳಲ್ಕೆರೆಗೆ ಹೋಗಿದ್ರಂತೆ."

"ಹೌದು."

"ಊಟ ಆಯ್ತಾ?"

"ಒಂಬತ್ತು ವರ್ಷ ನನಗೆ ಹೇಳಲಿಲ್ಲ."

ಗೋವರ್ಧನ ಕನ್ನಡಕ ತೆಗೆದು ಒರೆಸಿದ. "ಹೇಳಿದ್ರೆ ನಿಮಗೆ ಅಂಥ ಸಿಟ್ಟು ಬರ್ತಿತ್ತಾ ರಂಗೇಶ್? ಗೊಲ್ಲಪ್ಪ ಸುಳ್ಳಿರಬಹುದು. ನಿಮ್ಮ ಸಿಟ್ಟು ನಿಜ. ಜನ ಕೇಳಿದ್ದು ಅದನ್ನ. ನಿಮ್ಮನ್ನ ನಾವು ಯಾವತ್ತೂ ಕೆಡಿಸಲಿಲ್ಲ."

"ತಿಪ್ಪೇಶರ ಲೆಕ್ಕ ಸರಿ ಇದೆ. ಇವತ್ತು ಹೇಳ್ತೀನಿ."

"ಹೇಳಿ. ಯಾರು ಬೇಡ ಅಂದ್ರು?"

ಆ ಸುಲಭದ ಒಪ್ಪಿಗೆಗೆ ಹೆದರಬೇಕಿತ್ತು. ಹೆದರಲು ಅವನಿಗೆ ಹೊತ್ತಿರಲಿಲ್ಲ. ಗಂಟೆ ಮೂರು ಐವತ್ತೆರಡು.

ನಾಲ್ಕು ಗಂಟೆಗೆ ಕೆಂಪು ದೀಪ ಹೊತ್ತಿತು. ಹಿಟ್ಟಿನ ಚೀಲ ಅವನ ಕಾಲ ಬಳಿ ಇತ್ತು. ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ರಂಗೇಶ ಯಾವ ಅಲಂಕಾರವೂ ಇಲ್ಲದೆ ಓದಿದ. ಹೊಳಲ್ಕೆರೆಗೆ ಲೋನಾದ ಎರಡು ಅಂಕ ಬರೆದಿದೆ. ಇಪ್ಪತ್ತೆರಡು ಮತ್ತು ಇಪ್ಪತ್ತಮೂರು. ಒಟ್ಟು ಮೂವತ್ತಮೂರೇ ಸರಿ. ಮಾಡದಕೆರೆಯ ತಿಪ್ಪೇಶ್ ಮೇಷ್ಟ್ರು ತಪ್ಪು ಮಾಡಿಲ್ಲ. ತಪ್ಪು ಈ ಮೈಕಿನದು. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಧ್ವನಿ ಅವನಿಗೆ ಪರಿಚಿತವೆನ್ನಿಸಿತು.

ಗಾಜಿನಾಚೆ ಯಶೋಧಾ ಬೆರಳೆತ್ತಿದಳು. ಒಂದನೆಯ ಲೈನು.

"ನಮಸ್ಕಾರ ಸ್ವಾಮೀ! ಹೊಳಲ್ಕೆರೆ ಗೊಲ್ಲಪ್ಪ!"

"ಹೇಳಿ ಗೊಲ್ಲಪ್ಪನವರೇ. ಆ ಪಂದ್ಯ ನೀವು ನೋಡಿದ್ದಿರಾ?"

"ಅದಿರಲಿ. ಇವತ್ತು ನಮ್ಮೂರಿಗೆ ಬಂದಿದ್ರಲ್ಲ?"

"ಬಂದಿದ್ದೆ."

"ಬರ್ವಾಗ ಕೈಯಾಗೆ ಒಂದು ಚೀಲ ಇತ್ತು. ಹೋಗ್ವಾಗ ಎರಡು. ಬಸ್ ಸ್ಟ್ಯಾಂಡಿನಾಗೆ ಜನ ನೋಡವ್ರೆ. ಏನಿತ್ತು ಸ್ವಾಮೀ ಎರಡನೇ ಚೀಲದಾಗೆ?"

ರಂಗೇಶ ಒಂದು ಕ್ಷಣ ಕಾಲಿನ ಕಡೆ ನೋಡಿದ.

"ಹಿಟ್ಟು," ಎಂದ. "ನೀವೇ ಕೊಟ್ಟ ರಾಗಿ ಹಿಟ್ಟು."

ಫೋನಿನಾಚೆ ನಗು ಎದ್ದಿತು. ಅಟ್ಟದ ಮೇಲೆ ಮೂವತ್ತು ವರ್ಷ ಪಳಗಿದ ನಗು. ಅದು ಏರಿ, ನಿಂತು, ಮೂರು ಸಲ ಮುರಿದು, ಕೆಳಗಿಳಿಯಿತು.

"ಹಿಟ್ಟಂತೆ! ಕೇಳಿದ್ರೇನ್ರಪ್ಪಾ ನಾಕೂ ತಾಲ್ಲೂಕಿನೋರು? ಹಿಟ್ಟಂತೆ! ಹನ್ನೊಂದು ದಿನದ ಹಿಂದೆ ಕಳ್ಳ ಅಂದ ಬಾಯಿ ಇವತ್ತು ಸಾಚಾ ಅಂತೈತೆ. ದಾರಿಯಾಗೆ ಆ ಚೀಲ ಬಿಚ್ಕಂಡು ಏನ್ ಎಣಿಸ್ತಿದ್ರಿ ಸ್ವಾಮೀ?"

"ಇದನ್ನ ನಿಮಗೆ ಬರೆದುಕೊಟ್ಟವರು ಯಾರು ಗೊಲ್ಲಪ್ಪ?"

"ನಂಗಾ? ನಿಮ್ಗೆ ಆ ಚೀಟಿ ಬರ್ಕೊಟ್ಟೋರು ಯಾರು? ಮೊದ್ಲು ಅದನ್ನ ಹೇಳ್ರಿ!"

ಬಾಯಿ ತೆರೆದ ರಂಗೇಶನಿಗೆ ತಾನು ಮುಂದೆ ಹೇಳಬಹುದಾದ ಪ್ರತಿಯೊಂದು ಮಾತಿಗೂ ಉತ್ತರ ಸಿದ್ಧವಾಗಿದೆ ಎಂಬುದು ಹೊಳೆಯಿತು. ಈತನನ್ನು ಕೇಂದ್ರವೇ ನೇಮಿಸಿದೆ ಎಂದರೂ ಅದು ಆಟದ ಮುಂದಿನ ಪದ್ಯವಾಗುತ್ತದೆ. ಅವನು ಅದನ್ನೂ ಹೇಳಿದ. ಗೊಲ್ಲಪ್ಪ ಅದಕ್ಕೂ ನಕ್ಕ. ಸಿಟ್ಟು ಮಾತ್ರ ತಪ್ಪದೆ ಬಂತು. ಧ್ವನಿ ಎಂದಿನ ಎತ್ತರಕ್ಕೇ ಏರಿತು. ಎಲ್ಲ ಲೈನುಗಳ ದೀಪಗಳೂ ಒಟ್ಟಿಗೆ ಮಿನುಗತೊಡಗಿದವು. ಗಾಜಿನಾಚೆ ಗೋವರ್ಧನ ಬಂದು ನಿಂತು ಹೆಬ್ಬೆರಳು ಎತ್ತಿ ತೋರಿಸಿದ.

ಐದು ಗಂಟೆಗೆ ದೀಪ ಆರಿತು.

"ಒಂಬತ್ತು ವರ್ಷದಲ್ಲಿ ಇಂಥದ್ದು ಬಂದಿರಲಿಲ್ಲ," ಎಂದು ಗೋವರ್ಧನ ಅವನ ಭುಜ ತಟ್ಟಿ ಹೋದ. ಯಶೋಧಾ ತನ್ನ ಕೈಚೀಲ ಹೆಗಲಿಗೇರಿಸಿ ಹೊರಡುವ ಮುಂಚೆ ಬಾಗಿಲಲ್ಲಿ ನಿಂತಳು. "ನೀವು ಹೋಗಿದ್ದು, ಹಿಟ್ಟು ಕೊಟ್ಟಿದ್ದು ಎಲ್ಲ ಗೊಲ್ಲಪ್ಪನೇ ಫೋನ್ ಮಾಡಿ ಹೇಳಿದ್ದ. ಮೂರೂವರೆಗೆ ಗೋವರ್ಧನ ಸಾರೇ ಹೇಳಿ ಬರೆಸಿದ್ರು ಸಾರ್. ಗೊಲ್ಲಪ್ಪ ಮೊದಲು ಆಗಲ್ಲ ಅಂದ." ಸ್ವಲ್ಪ ತಡೆದು ಸೇರಿಸಿದಳು: "ಆಮೇಲೆ, ರಂಗೇಶ್ ಸಾರೇ ಕೇಳವ್ರೆ ಅಂತ ಹೇಳಿದ್ವಿ."

ಅವಳು ಹೋದ ಮೇಲೆ ರಂಗೇಶನ ಮೊಬೈಲು ಸದ್ದು ಮಾಡಿತು. ಗೊಲ್ಲಪ್ಪನ ಮೆಸೇಜು. "ಚೆನ್ನಾಗಿ ಬಂತಾ ಸಾರ್? ಹಿಟ್ಟು ಆರಿಸಿ ಡಬ್ಬಕ್ಕೆ ಹಾಕ್ಕಳ್ರಿ, ಬಿಸೀದು ಮುಚ್ಚಿಟ್ರೆ ಕೆಡ್ತದೆ."

ಅವನು ಗಾಜಿನಾಚೆಯ ಕೋಣೆಗೆ ಹೋದ. ರಿಜಿಸ್ಟರು ಇನ್ನೂ ತೆರೆದಿತ್ತು. ಐವತ್ತಮೂರು ಕರೆಗಳು. ಹದಿನೇಳನೆಯ ಸಾಲಿನಲ್ಲಿ ಯಶೋಧಾಳ ಅಕ್ಷರದಲ್ಲಿ ಬರೆದಿತ್ತು: ಮಾಡದಕೆರೆ, ರಮ್ಯಾ, ೪-೨೨ರಿಂದ ೪-೩೩, ಹನ್ನೊಂದು ನಿಮಿಷ ಕಾದು ಕಟ್.

ರಂಗೇಶ ಆ ನಂಬರು ಒತ್ತಿದ. ಎರಡನೆಯ ರಿಂಗಿಗೇ ಫೋನನ್ನು ಎತ್ತಿಕೊಂಡರು. ಹಲೋ ಎನ್ನಲಿಲ್ಲ. ಮಗಳೋ ತಂದೆಯೋ ತಿಳಿಯಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಹಿಂದೆ ಎಲ್ಲೋ ರೇಡಿಯೋ ಇನ್ನೂ ಹಾಡುತ್ತಿತ್ತು. ಹಾಡು ನಿಂತು ನಾಳಿನ ಕಾರ್ಯಕ್ರಮದ ಜಾಹೀರಾತು ಬಂತು.

"ಎರಡು ಅಂಕ ಬರೆಯಲು ಮರೆತ ಆ ಕೈ..."

ಅವನದೇ ಧ್ವನಿ. ಮಾಡದಕೆರೆಯ ಒಂದು ಮನೆಯೊಳಗಿನಿಂದ, ಆ ಮನೆಯ ಉಸಿರನ್ನು ಹಾದು, ಅವನ ಕಿವಿಗೆ ಬರುತ್ತಿತ್ತು. ಹೇಳಬೇಕಾದದ್ದು ನಾಲ್ಕೇ ಮಾತು. ಅವನು ಬಾಯಿ ತೆರೆದ. ಕಬಡ್ಡಿಯಲ್ಲಿ ಎದುರಾಳಿಯ ಅಂಕಣಕ್ಕೆ ನುಗ್ಗಿದವನಿಗೆ ಮೂವತ್ತು ಸೆಕೆಂಡು ಅವಕಾಶ. ಅಷ್ಟರಲ್ಲಿ ಯಾರನ್ನಾದರೂ ಮುಟ್ಟಬೇಕು, ಇಲ್ಲವೇ ಗೆರೆ ದಾಟಿ ಹಿಂದಿರುಗಬೇಕು. ಅಭ್ಯಾಸಬಲದಿಂದ ಅವನೊಳಗೆ ಎಣಿಕೆ ಶುರುವಾಗಿತ್ತು.

"...ಆ ಹೊತ್ತಿನಲ್ಲಿ ಏನನ್ನು ಎಣಿಸುತ್ತಿತ್ತು?"

ಹದಿನಾಲ್ಕು. ಹದಿನೈದು. ಮೇಜಿನ ಮೇಲಿದ್ದ ಅಂಕಪಟ್ಟಿಯಲ್ಲಿ ಗೊಲ್ಲಪ್ಪನ ಹಿಟ್ಟಿನ ಬೆರಳು ತಾಗಿದ ಕಡೆ ಚೌಕದೊಳಗಿನ ಎರಡು ಅಂಕಗಳೂ ಬೆಳ್ಳಗೆ ಮುಚ್ಚಿಹೋಗಿದ್ದವು. ಅವನು ಹೆಬ್ಬೆರಳಿನಿಂದ ಉಜ್ಜಿದ. ಹಿಟ್ಟಿನ ಜೊತೆ ಕಾರ್ಬನ್ನಿನ ನೀಲಿಯೂ ಎದ್ದು ಬಂತು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಆ ತುದಿಯಲ್ಲಿ ಉಸಿರು ಇನ್ನೂ ಕಾಯುತ್ತಿತ್ತು.

ಮೂವತ್ತು. ಆ ಮನೆಗೆ ಎರಡು ಅಂಕ ಬಾಕಿ.